ಮಡಚಿಟ್ಟ ಕುರ್ತಾಗಳ ಚರಿತ್ರೆ

ಕರಾವಳಿಯ ಮನೆಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ಕಂಡವರಿಗೆ ಲಕ್ನೋದ ಚಿಕನ್ ಕಸೂತಿಯ ಮನೆ ಅಪರಿಚಿತವೆನಿಸದು. ಅಲ್ಲಿ ಎಲೆ, ಹೊಗೆಸೊಪ್ಪಿನ ಬದಲು ಬಿಳಿ ಬಟ್ಟೆ ಮತ್ತು ನೂಲು. (ಚಿಕನ್ ಎಂದೊಡನೆ ಕೋಳಿ ನೆನಪಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಎರಡಕ್ಕೂ ಸಂಬಂಧವಿಲ್ಲ.)

ಹಳೆಯ ಲಕ್ನೋದ ಓಣಿಗಳಲ್ಲಿ ಈ ಕಸೂತಿಯ ಮನೆಯೆಂದರೆ ಒಂದೇ ಕೋಣೆಯಲ್ಲಿ ಹಲವು ಅರ್ಧ ಮುಗಿದ ಕೆಲಸಗಳು. ಒಂದು ಕುರ್ತಾದ ಕೊರಳಿನ ಹೂಗಳು ಮುಗಿದಿವೆ, ತೋಳು ಬಾಕಿ. ಇನ್ನೊಂದಕ್ಕೆ ಜಾಲಿ ತೆಗೆಯಲು ನೆರೆಮನೆಯಾಕೆ ಬರಬೇಕು. ಮೂರನೆಯದಕ್ಕೆ ದಲ್ಲಾಳಿಯ ಅವಸರ. ಎಲ್ಲದರ ಅಡಿಯಲ್ಲಿ ಮಗಳ ಮದುವೆಗೆಂದು ಶುರು ಮಾಡಿದ ದುಪಟ್ಟಾ. ಅದರ ಸರದಿ ಬರುವುದು ಕೊನೆಗೆ. ನಡುನಡುವೆ ಒಲೆ, ಮಗು, ನೀರು. ಪ್ರತಿಸಲ ಕೈ ತೊಳೆದು ಸೂಜಿ ಹಿಡಿಯಬೇಕು. ಬಿಳಿ ಬಟ್ಟೆಗೆ ಅರಸಿನದ ಕಲೆ ತಗುಲಿದರೆ ನಷ್ಟ ಅವಳದೇ.

ಇದನ್ನು ಬಿಡುವಿನ ಹವ್ಯಾಸವೆಂದು ಕರೆಯುವವರಿದ್ದಾರೆ. ಆದರೆ ಚರಿತ್ರೆ ಹೇಳುವುದು ಬೇರೆಯೇ.

ನೂರ್‌ಜಹಾನ್ ಬೇಗಂ ಈ ಕಲೆಯನ್ನು ತಂದಳೆಂಬ ಕಥೆ ಎಲ್ಲ ಅಂಗಡಿಗಳಲ್ಲೂ ಕೇಳಸಿಗುತ್ತದೆ. ಅದನ್ನು ಕಥೆಯೆಂದೇ ಕೇಳುವುದು ಒಳ್ಳೆಯದು. ನವಾಬ ಆಸಫುದ್ದೌಲ 1775ರಲ್ಲಿ ಅವಧದ ರಾಜಧಾನಿಯನ್ನು ಫೈಝಾಬಾದ್‌ನಿಂದ ಲಕ್ನೋಗೆ ತಂದ ಮೇಲೆ ಆ ನಗರದ ಕುಶಲಕಲೆಗಳೆಲ್ಲ ಬೆಳೆದವು. ಆಗ ನುರಿತ ಚಿಕನ್ ಕೆಲಸಗಾರರಲ್ಲಿ ಗಂಡಸರೇ ಹೆಚ್ಚು. ಉಸ್ತಾದರ ಬಳಿ ಕಲಿತವರು. 1856ರಲ್ಲಿ ಬ್ರಿಟಿಷರು ಅವಧವನ್ನು ಕಬಳಿಸಿದರು. ವಾಜಿದ್ ಅಲಿ ಶಾಹ್ ಕಲ್ಕತ್ತಾ ಸೇರಿದ. ಆಶ್ರಯದಾತರು ಹೋದರೂ ಕಸೂತಿ ಸಾಯಲಿಲ್ಲ, ಮಾರುಕಟ್ಟೆಯ ಸರಕಾಯಿತು. ಅಗ್ಗದ ಸರಕಿಗೆ ಅಗ್ಗದ ಕೈಗಳು ಬೇಕಾದವು. 1880ರಲ್ಲಿ ಉತ್ತರ ಭಾರತದ ವ್ಯಾಪಾರ, ಕೈಗಾರಿಕೆಗಳ ಬಗ್ಗೆ ಬರೆದ ಅಧಿಕಾರಿ ವಿಲಿಯಂ ಹೋಯ್, ಲಕ್ನೋದ ಮನೆ ಬಾಗಿಲುಗಳಲ್ಲಿ ಕುಳಿತು ಐದಾರು ವರ್ಷದ ಹುಡುಗಿಯರು ಬುಟ್ಟಾ ಹಾಕುವುದನ್ನು ದಾಖಲಿಸಿದ್ದಾನೆ. ಮುಂದೆ ಗಂಡಸರು ಸೂಜಿ ಬಿಡುತ್ತ ಬಂದರು. 20ನೆಯ ಶತಮಾನದ ಹೊತ್ತಿಗೆ ಇದು ಬಹುಪಾಲು ಮುಸ್ಲಿಮ್ ಹೆಂಗಸರ ಮನೆಗೆಲಸವಾಗಿತ್ತು.

ಹೀಗಾಗಲು ಕಸೂತಿಯ ಸ್ವಭಾವವೂ ನೆರವಾಯಿತು. ಅದೇ ಊರಿನ ಜರ್ದೋಜಿಗೆ ‘ಅಡ್ಡಾ’ ಎಂಬ ಮರದ ಚೌಕಟ್ಟು ಬೇಕು. ಅದು ಕೋಣೆಯನ್ನೇ ನುಂಗುತ್ತದೆ, ಸುತ್ತ ನಾಲ್ಕಾರು ಜನ ಕೂರಬೇಕು. ಚಿಕನ್ ಹಾಗಲ್ಲ. ಮಡಚಿ ದಿಂಬಿನಡಿ ಇಟ್ಟು, ಅನ್ನ ಬಸಿದು ಬಂದು ಮತ್ತೆ ಬಿಚ್ಚಬಹುದು. ಮನೆಯ ಹೊಸಿಲು ದಾಟಲಾಗದವಳ ಬಳಿಗೆ ದುಡಿಮೆ ತಾನೇ ನಡೆದು ಬಂತು. ಅದೊಂದು ಅನುಕೂಲ ನಿಜ. ಆದರೆ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಅನುಕೂಲ: ಬಾಡಿಗೆ, ದೀಪ, ಮೇಲ್ವಿಚಾರಕ ಯಾವುದೂ ಬೇಡ.

ಕೆಲಸ ಹರಿದು ಹಂಚಿರುವ ಬಗೆಯನ್ನೂ ಗಮನಿಸಬೇಕು. ಕತ್ತರಿಸಿದ ಬಟ್ಟೆಯ ಮೇಲೆ ಮರದ ಅಚ್ಚಿನಿಂದ ತೊಳೆದರೆ ಹೋಗುವ ನೀಲಿ ಬಣ್ಣದಲ್ಲಿ ಚಿತ್ರ ಒತ್ತುತ್ತಾರೆ. ಬಟ್ಟೆಯ ಹಿಂಬದಿಯಿಂದ ಹಾಕಿ ಮುಂದೆ ನೆರಳು ಮೂಡಿಸುವ ಬಖಿಯಾ ಒಬ್ಬಳದು. ನವಣೆ ಕಾಳಿನಂಥ ಫಂದಾ, ಅಕ್ಕಿ ಕಾಳಿನಂಥ ಮುರ್ರಿ ಇನ್ನೊಬ್ಬಳದು. ಎಳೆ ಕತ್ತರಿಸದೆ ಸೂಜಿಯಿಂದ ಸರಿಸಿ ಕಿಂಡಿ ಮಾಡುವ ಜಾಲಿ ಮತ್ತೊಬ್ಬಳದು. ಕೊನೆಗೆ ಧೋಬಿ. ಹೀಗಾಗಿ ಒಂದೇ ಕುರ್ತಾವನ್ನು ನಂಬಿದರೆ ಕೈ ಖಾಲಿ ಕೂರಬೇಕಾಗುತ್ತದೆ. ಕೂಲಿ ಇರುವುದು ದಿನಕ್ಕಲ್ಲ, ತುಂಡಿಗೆ. ಅದೂ ಕಡಿಮೆ. ಆದ್ದರಿಂದಲೇ ಇಬ್ಬರು ಮೂವರು ದಲ್ಲಾಳಿಗಳ ಬಟ್ಟೆ ಒಂದೇ ಮನೆಯಲ್ಲಿ. ನೋಡುವವರಿಗೆ ಅದು ಅವಳ ಚುರುಕುತನದಂತೆ ಕಾಣುತ್ತದೆ.

ಗೋದಾವರಿ ತೀರದ ನರಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮಾರಿಯಾ ಮೀಸ್ 1982ರಲ್ಲಿ ಪುಸ್ತಕ ಪ್ರಕಟಿಸಿದರು. ವಿದೇಶಕ್ಕೆ ಹೋಗುವ ಸರಕನ್ನು ತಯಾರಿಸುವ ಅವರನ್ನು ಸಮಾಜ ಗೃಹಿಣಿಯರೆಂದೇ ಲೆಕ್ಕ ಹಾಕಿತ್ತು. ಲಕ್ನೋದ ಕಥೆಯೂ ಅದೇ. ಅಲ್ಲಿ 1984ರಲ್ಲಿ ‘ಸೇವಾ ಲಕ್ನೋ’ ಸಂಸ್ಥೆ ದಲ್ಲಾಳಿಗಳನ್ನು ಬದಿಗಿಟ್ಟು ಹೆಂಗಸರಿಗೆ ನೇರ ಕೆಲಸ ಕೊಡಲಾರಂಭಿಸಿತು. ಮುಜಫ್ಫರ್ ಅಲಿಯವರ ‘ಅಂಜುಮನ್’ (1986) ಚಿತ್ರದಲ್ಲಿ ಶಬಾನಾ ಆಜ್ಮಿ ಇಂಥ ಹುಡುಗಿಯಾಗಿ ನಟಿಸಿದರು. 2008ರಲ್ಲಿ ಚಿಕನ್‌ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಕಸೂತಿಯ ಹೆಸರನ್ನು ಕಾಪಾಡುತ್ತದೆ, ಕೂಲಿಯನ್ನಲ್ಲ.

ಬೀಡಿ ಕಟ್ಟುವವರ ಮಾತು ಇಲ್ಲಿ ಮತ್ತೆ ಬರುತ್ತದೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಭವಿಷ್ಯನಿಧಿ ಅವಳಿಗೂ ಸಲ್ಲಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಷ್ಟೋ ಮನೆಗಳಲ್ಲಿ ಮಗಳ ಮದುವೆ ನಡೆದದ್ದು ಆ ಪಿ.ಎಫ್. ಹಣದಿಂದ. ಚಿಕನ್ ಹೆಂಗಸರಿಗಾಗಿ ಅಂಥದ್ದೊಂದು ಪ್ರತ್ಯೇಕ ಕಾಯ್ದೆ ಬರಲಿಲ್ಲ. ಮನೆಗೆಲಸಗಾರರ ಹಕ್ಕುಗಳ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.