ನೆರೆಯೂರಿನ ಹೆಸರು ದಾಟಬೇಕು: ಕೊಳ್ಳೇಗಾಲ ಸೀಮೆಗೆ ಹವ್ಯಾಸಿ ರೇಡಿಯೊದ ಡಿಜಿಟಲ್ ವಿಧಾನಗಳ ತುಲನೆ

2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ, ಕೃಷ್ಣರಾಜಸಾಗರಗಳಿಂದ ಬಿಟ್ಟ ನೀರು ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಂಪಾಪುರಗಳ ಕಡೆ ನುಗ್ಗಿತು. ಇಂಥ ಹೊತ್ತಿನಲ್ಲಿ ಮೊಬೈಲ್ ಗೋಪುರ ಕೈಕೊಟ್ಟರೆ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಯಾವ ಡಿಜಿಟಲ್ ವಿಧಾನವನ್ನು ನೆಚ್ಚಬೇಕು? ತಟ್ಟನೆ ಬರುವ ಉತ್ತರ ಎಫ್‌ಟಿ8. ಕೊಳ್ಳೇಗಾಲ, ಹನೂರು, ಯಳಂದೂರುಗಳ ಮಟ್ಟಿಗೆ ಆ ಉತ್ತರ ಸಲ್ಲದು.

ಯಾವ ವಿಧಾನಕ್ಕಾದರೂ ಮೊದಲ ಅಡ್ಡಿ ನೆಲದ್ದು. 144 ಮೆಗಾಹರ್ಟ್ಸ್‌ನ ಅಲೆಗಳಿಗೆ ಹೆಚ್ಚುಕಡಿಮೆ ನೇರ ಹಾದಿ ಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ (ಬುಡಕಟ್ಟು ಹಾಡಿಗಳಿಗೂ) ಮಲೆ ಮಹದೇಶ್ವರ ಬೆಟ್ಟದಾಚೆಯ ಗೋಪಿನಾಥಂಗೂ ಅದು ಸಿಗುವುದು ಕಷ್ಟ. ಬೆಟ್ಟದ ನೆತ್ತಿಯ ಮೇಲೊಂದು ಮರುಪ್ರಸಾರ ಕೇಂದ್ರವಿಲ್ಲದೆ, ಈ ಅಲೆಗಳಲ್ಲಿ ಸಾಗುವ 1200 ಬಾಡ್‌ನ ಪ್ಯಾಕೆಟ್ ರೇಡಿಯೊ ಇಲ್ಲಿ ನಿರುಪಯೋಗಿ. 7 ಮೆಗಾಹರ್ಟ್ಸ್‌ನ ತಂತಿ ಆಂಟೆನಾವನ್ನು ನೆಲದಿಂದ 4–10 ಮೀಟರ್ ಎತ್ತರದಲ್ಲೇ ಕಟ್ಟಿ, ಅಲೆಯನ್ನು ಮುಗಿಲಿಗೆ ಎಸೆದು ಅಯಾನುಗೋಳದಿಂದ ಕೆಳಗಿಳಿಸಿಕೊಂಡರೆ ಬೆಟ್ಟದ ಮರೆ ಲೆಕ್ಕಕ್ಕೆ ಬರದು.

ಆದರೆ ಆ ಅಯಾನುಗೋಳವೂ ಸಾಧುವಲ್ಲ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಸೂರ್ಯ ಮುಳುಗಿದ ಮೇಲೆ, ವಿಶೇಷವಾಗಿ ವಿಷುವದ ತಿಂಗಳುಗಳಲ್ಲಿ, ಎಫ್ ಪದರ ಒಡೆದು ಗಂಟುಗಂಟಾಗುವುದುಂಟು. ಮರಳಿದ ಸಂಕೇತದ ಪ್ರಾವಸ್ಥೆ (ಫೇಸ್) ಆಗ ಅಲುಗಾಡುತ್ತದೆ. 1998ರ ಸುಮಾರಿಗೆ ಪೀಟರ್ ಮಾರ್ಟಿನೆಜ್ ರೂಪಿಸಿದ ಪಿಎಸ್‌ಕೆ31 ವಿಧಾನ ಅಕ್ಷರಗಳನ್ನು ಅಡಗಿಸುವುದು ಅದೇ ಪ್ರಾವಸ್ಥೆಯಲ್ಲಿ. ಶಾಂತ ಹಗಲಿಗೆ ಅದು ಸೊಗಸು. ಇಂಥ ಸಂಜೆಗೆ ಆಗದು.

ಎಫ್‌ಟಿ8 (2017) ಗದ್ದಲಕ್ಕಿಂತ ಸುಮಾರು 20 ಡೆಸಿಬಲ್ ಕೆಳಗಿನ ಸಂಕೇತವನ್ನೂ ಓದುತ್ತದೆ, ನಿಜ. ಆದರೆ 15 ಸೆಕೆಂಡಿನ ಒಂದು ಸರದಿಗೆ ಮುಕ್ತ ಪಠ್ಯ 13 ಅಕ್ಷರ ಮಾತ್ರ, ಅದೂ ರೋಮನ್. ‘ದಾಸನಪುರ’ ಎಂದು ಬರೆಯಲಿಕ್ಕೇ 10 ಬೇಕು; ಎಷ್ಟು ಜನ, ಏನು ಬೇಕು ಎನ್ನಲು ಉಳಿಯುವುದು ಮೂರು! ಪಾವೆಲ್ ಯಾಲೋಹಾ ಅವರ ಒಲಿವಿಯಾ ವಿಧಾನದ 16 ಸ್ವರ, 500 ಹರ್ಟ್ಸ್ ರೂಪ ಅಷ್ಟೇನೂ ಸೂಕ್ಷ್ಮಗ್ರಾಹಿಯಲ್ಲ, ಮೈನಸ್ 13 ಡೆಸಿಬಲ್ ಆಸುಪಾಸು. ಆದರೆ ಸೆಕೆಂಡಿಗೆ ಸುಮಾರು 2 ಅಕ್ಷರದಂತೆ ಬೇಕಾದಷ್ಟು ಬರೆಯಬಹುದು, ಪ್ರಾವಸ್ಥೆಯ ಹಂಗಿಲ್ಲ, ಎಫ್‌ಟಿ8ಗೆ ಬೇಕಾಗುವಂತೆ ಎರಡೂ ಕಡೆಯ ಗಡಿಯಾರಗಳನ್ನು ಸೆಕೆಂಡಿನ ಮಟ್ಟಿಗೆ ಹೊಂದಿಸಬೇಕಾಗಿಲ್ಲ. ಇಂಟರ್‌ನೆಟ್ ಸತ್ತ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದ್ದರಿಂದ ಸಂದೇಶಕ್ಕೆ ಒಲಿವಿಯಾ. ಹಾದಿ ತೆರೆದಿದೆಯೇ ಎಂದು ನೋಡಲು ಎಫ್‌ಟಿ8.

ಕನ್ನಡ ಲಿಪಿಯನ್ನೇ ಕಳಿಸಬಾರದೇಕೆ? ಯುಟಿಎಫ್-8ರಲ್ಲಿ ‘ದಾಸನಪುರ’ಕ್ಕೆ 21 ಬೈಟ್, ರೋಮನ್‌ನ ಇಮ್ಮಡಿಗೂ ಹೆಚ್ಚು. ಅಕ್ಷರವನ್ನು ಚಿತ್ರವಾಗಿ ಕಳಿಸುವ ಹೆಲ್ ಪದ್ಧತಿ ಇದೆ. ಆದರೆ ಅದರ ಕಿರಿದಾದ ಚೌಕಟ್ಟಿನಲ್ಲಿ ನಮ್ಮ ಒತ್ತಕ್ಷರಗಳು ಕಲಸಿಹೋಗುತ್ತವೆ. ಹಾಗಾಗಿ ಮೂರೂ ತಾಲ್ಲೂಕುಗಳ ಊರು, ಪೋಡುಗಳಿಗೆ ಮಳೆಗಾಲಕ್ಕೆ ಮುಂಚೆಯೇ ಅಂಕಿಸಂಕೇತದ ಪಟ್ಟಿ ಮಾಡಿ ಎರಡೂ ತುದಿಯಲ್ಲಿ ಇಟ್ಟುಕೊಳ್ಳುವುದು ಮೇಲು. ಕೊನೆಗೊಂದು ಎಚ್ಚರಿಕೆ: ರಾತ್ರಿ ಸರಿದಂತೆ ಎಫ್ ಪದರ ತೆಳುವಾಗಿ 7 ಮೆಗಾಹರ್ಟ್ಸ್ ಬಾಯಿ ಮುಚ್ಚಿದರೆ 3.5ಕ್ಕೆ ಇಳಿಯಬೇಕು. ಅದಕ್ಕೆ ಇಮ್ಮಡಿ ಉದ್ದದ ತಂತಿ ಬೇಕಾದೀತು, ಸಿಡಿಲಿನ ಗದ್ದಲವೂ ಅಲ್ಲಿ ಹೆಚ್ಚು.