ಗೂಡು, ಬೆಳಕಿಂಡಿ, ಕೌದಿ

ಸುರಪುರದ ಇತಿಹಾಸ ಬರೆದವರು ಕೋಟೆಯ ಬಗ್ಗೆ ಬರೆದಿದ್ದಾರೆ, ಅರಮನೆಯ ಬಗ್ಗೆ ಬರೆದಿದ್ದಾರೆ, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಗ್ಗೆಯೂ ಬರೆದಿದ್ದಾರೆ. ಓಣಿಗಳಲ್ಲಿನ ಮಾಳಿಗೆ ಮನೆಗಳ ಬಗ್ಗೆ ಬರೆದವರು ಕಡಿಮೆ. ಆ ಮನೆಗಳನ್ನು ಬಾಳುವಂತೆ ಮಾಡಿದ ಹೆಣ್ಣುಮಕ್ಕಳ ಬಗ್ಗೆಯಂತೂ ಇನ್ನೂ ಕಡಿಮೆ. ಮನೆ ಕಟ್ಟಿಸಿದವನ ಹೆಸರು ಊರಿನ ಬಾಯಲ್ಲಿ ಉಳಿಯುತ್ತದೆ. ದಿನಾ ಸಾರಿಸಿದವಳ ಹೆಸರನ್ನು ಯಾರು ಕೇಳುತ್ತಾರೆ?

ಸುರಪುರ ಊರಾಗಿ ಬೆಳೆದದ್ದೇ ಮನೆ ಕಳೆದುಕೊಂಡವರಿಂದ. 1705ರಲ್ಲಿ ಔರಂಗಜೇಬನ ಸೈನ್ಯ ವಾಗಿನಗೇರಿ ಕೋಟೆಯನ್ನು ಹಿಡಿಯಿತು. ಆಮೇಲೆ ನಾಯಕ ಮನೆತನದ ರಾಜಧಾನಿ ಸುರಪುರಕ್ಕೆ ಬಂತು. ಚರಿತ್ರೆಯ ಪುಸ್ತಕದಲ್ಲಿ ಇದು ಒಂದು ಸಾಲು. ಆದರೆ ರಾಜಧಾನಿ ಬದಲಾಯಿತೆಂದರೆ ಎಷ್ಟು ಒಲೆಗಳು ಆರಿರಬೇಕು, ಎಷ್ಟು ಹೆಂಗಸರು ಹೊಸ ಜಾಗದಲ್ಲಿ ಮೂರು ಕಲ್ಲು ಹೂಡಿ ಮೊದಲ ರೊಟ್ಟಿ ಬಡಿದಿರಬೇಕು ಎಂದು ಯೋಚಿಸಿದರೆ ಆ ಸಾಲು ಭಾರವಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಬಿಸಿಲಿನ ನಾಡು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಳೆಯ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆ ಹಗಲಿನ ಕಾವನ್ನು ಒಳಗೆ ಬೇಗ ಬಿಡುವುದಿಲ್ಲ. ತೊಲೆ, ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆಯದೂ ಅದೇ ಗುಣ. ಕಿಟಕಿ ಕಡಿಮೆ, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕಿನಲ್ಲೇ ಅಡುಗೆ. ಗೋಡೆ ದಪ್ಪವಿದ್ದುದರಿಂದ ಅದರಲ್ಲೇ ಗೂಡು ಕೊರೆಯಲು ಬಂತು. ದೀಪಕ್ಕೊಂದು ಗೂಡು, ಕುಂಕುಮದ ಭರಣಿಗೊಂದು, ಸೂಜಿ-ದಾರಕ್ಕೊಂದು. ಕಪಾಟು ಇಲ್ಲದ ಕಾಲದಲ್ಲಿ ಹೆಣ್ಣುಮಗಳಿಗೆ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಗೇಣು ಜಾಗ.

ಗೌಂಡಿ ಗೋಡೆ ಎಬ್ಬಿಸಿ ಹೋಗುತ್ತಿದ್ದ. ಉಳಿದದ್ದೆಲ್ಲ ಮನೆಯವಳ ಕೆಲಸ. ನೆಲಕ್ಕೆ ಸಗಣಿ, ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಬಾಗಿಲಿಗೆ ಮಣಿಯ ತೋರಣ, ಹೊಸ್ತಿಲಿಗೆ ರಂಗೋಲಿ. ಇದರಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಮಣ್ಣಿನ ಮನೆಯನ್ನು ಒಂದು ವರ್ಷ ಕೈಬಿಟ್ಟರೆ ಅದು ನಮ್ಮನ್ನು ಕೈಬಿಡುತ್ತದೆ.

ಕೌದಿಯ ಕಥೆಯೂ ಹಾಗೆಯೇ. ಹರಿದ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಸಾಲು ಹೊಲಿಗೆ ಹಾಕುತ್ತಾರೆ. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಚಳಿಗೆ ಬೆಚ್ಚಗೆ, ಹಾಸಿಕೊಂಡರೆ ಮೈಗೆ ಮೆತ್ತಗೆ. ತೀರಿಹೋದ ಅಜ್ಜಿಯ ಇಳಕಲ್ ಸೀರೆಯ ಸೆರಗು ಮೊಮ್ಮಗಳ ಕೌದಿಯಲ್ಲಿ ಒಂದು ಚೌಕವಾಗಿ ಉಳಿದಿರುತ್ತದೆ. ಅರಮನೆಗಳಿಗೆ ವಂಶಾವಳಿ ಇದ್ದಂತೆ ನಮ್ಮ ಮನೆಗಳಿಗೆ ಕೌದಿ.

ಇನ್ನು ಟೇಲರ್ ಮಂಜಿಲ್. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಸುರಪುರಕ್ಕೆ ಬಂದವನು. ಗುಡ್ಡದ ಮೇಲೆ, ಊರು ಕಾಣುವ ಹಾಗೆ ಮನೆ ಕಟ್ಟಿಸಿದ. ಬಂದ ಕೆಲವೇ ವರ್ಷಗಳಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದರು. ಆಗ ಸಂಸ್ಥಾನದ ರಾಣಿ ಈಶ್ವರಮ್ಮ. ಆಕೆಯ ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಆ ಹುಡುಗ ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದುದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1853ರಲ್ಲಿ ರಾಜ್ಯಭಾರ ಹುಡುಗನ ಕೈಗೆ ಬಂತು, ಟೇಲರ್ ಬೇರೆ ಕಡೆಗೆ ಹೋದ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೆರೆಯಾದ, ಅದೇ ವರ್ಷ ಗುಂಡೇಟಿನಿಂದ ಸತ್ತ. ಟೇಲರ್ ಮತ್ತೆ ಸುರಪುರಕ್ಕೆ ಬಂದ. ಮನೆ ಇತ್ತು, 'ಅಪ್ಪಾ' ಎನ್ನುವ ದನಿ ಇರಲಿಲ್ಲ. ಅತ್ತ ಅರಮನೆಯೂ ಬರಿದಾಗಿತ್ತು. ದೊಡ್ಡ ಮನೆಗಳ ಸುಖದ ಬಗ್ಗೆ ಮಾತು ಬಂದಾಗೆಲ್ಲ ನನಗೆ ಗುಡ್ಡದ ಮೇಲಿನ ಈ ಎರಡು ಮನೆಗಳು ನೆನಪಾಗುತ್ತವೆ.

ಕಾಲ ಅಲ್ಲಿಗೇ ನಿಲ್ಲಲಿಲ್ಲ. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ಮೇಲಿನ ಊರಾಯಿತು. ದೂರದ ಪೇಟೆಯ ಸಾಮಾನು ಹತ್ತಿರವಾಯಿತು. 1948ರಲ್ಲಿ ನಿಜಾಮನ ಆಡಳಿತ ಮುಗಿಯಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು, 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಈ ನಡುವೆ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿದವರು ಬಹಳ. ಅವರನ್ನು ಆಡಿಕೊಳ್ಳುವುದು ಸುಲಭ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಕೊಡ ಇಟ್ಟು ರಾತ್ರಿ ಕಳೆದವಳಿಗೆ, ವರ್ಷ ವರ್ಷ ಮಣ್ಣು ಹೊತ್ತವಳಿಗೆ ಸ್ಲ್ಯಾಬ್ ಒಂದು ಬಿಡುಗಡೆಯೇ.

ಹಳೆಯ ಮನೆಯ ದುಡಿಮೆ ಮತ್ತೆ ಬರುವುದು ಬೇಡ. ಆದರೆ ಅದರ ಬುದ್ಧಿಯನ್ನು ಬಿಡಬೇಕಿಲ್ಲ. ಹೊಸ ಮನೆ ಕಟ್ಟಿಸುವಾಗ ಅಡುಗೆಮನೆಗೆ ಮೇಲಿನಿಂದ ಬೆಳಕು ಬರಲು ಒಂದು ಕಿಂಡಿ ಕೇಳಿರಿ. ಹಾಲಿನಲ್ಲಿ ಶೋಕೇಸು ಎಷ್ಟು ದೊಡ್ಡದಿರಲಿ, ನಿಮ್ಮದೇ ಆದ ಒಂದು ಗೂಡು ಇರಲಿ. ಅಮ್ಮನ ಹಳೆಯ ಸೀರೆಗಳನ್ನು ಪಾತ್ರೆಯವಳಿಗೆ ಕೊಡುವ ಮೊದಲು ಒಂದು ಕೌದಿಗೆ ಆಗುವಷ್ಟು ತೆಗೆದಿಡಿರಿ. ಅದನ್ನು ಹೊಲಿಯುವಾಗ ಯಾವ ಚೌಕ ಯಾರದೆಂದು ಮಕ್ಕಳಿಗೆ ಹೇಳಿರಿ. ನಮ್ಮ ಮನೆಗಳ ಚರಿತ್ರೆಯನ್ನು ಬೇರೆ ಯಾರೂ ಬರೆಯುವುದಿಲ್ಲ.