ಎಮ್ಮೆಗಳು ಹೋದವು, ಹುಲ್ಲು ಬಂತು

ಭರತಪುರ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹಕ್ಕಿಗಳು. ನಾನಿಲ್ಲಿ ಹೇಳಹೊರಟಿರುವುದು ಅಲ್ಲಿನ ಹುಲ್ಲಿನ ಕಥೆ. ಹುಲ್ಲಿಗೂ ಇತಿಹಾಸ ಇರುತ್ತಾ ಅಂತ ನಗಬೇಡಿ. ಈ ಹುಲ್ಲಿನ ಜಗಳದಲ್ಲಿ ಮನುಷ್ಯರ ಜೀವಗಳೇ ಹೋಗಿವೆ.

ರಾಜಸ್ಥಾನದ ಕೇವಲಾದೇವ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್. ಗಂಭೀರ್, ಬಾಣಗಂಗಾ ನದಿಗಳ ನೆರೆಬಯಲಿನಲ್ಲಿದ್ದ ಒಂದು ತಗ್ಗು ಅದು. 18ನೇ ಶತಮಾನದಲ್ಲಿ ರಾಜ ಸೂರಜ್‌ಮಲ್ ಅಜಾನ್ ಬಂಡ್ ಕಟ್ಟಿಸಿದ ಮೇಲೆ ಪ್ರತಿ ಮಳೆಗಾಲ ಇಲ್ಲಿ ನೀರು ನಿಲ್ಲತೊಡಗಿತು. ನೀರಿದ್ದಲ್ಲಿ ನೈದಿಲೆ, ಜೇಕು, ಬಯಲಿನಲ್ಲಿ ಲಾವಂಚ, ದಿಬ್ಬಗಳ ಮೇಲೆ ಜಾಲಿ, ಕದಂಬ ಜಾತಿಯ ಮರಗಳು. ಮುಂದೆ ಇದು ಮಹಾರಾಜರ ಬಾತುಕೋಳಿ ಬೇಟೆಯ ತಾಣವಾಯಿತು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರಂತೆ! ಅಲ್ಲಿನ ಕಲ್ಲಿನ ಮೇಲೆ ಈ ಲೆಕ್ಕ ಇನ್ನೂ ಇದೆ. ಇದೆಲ್ಲ ನಡೆಯುತ್ತಿದ್ದಾಗಲೂ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಮಾತ್ರ ಅದೇ ಜೌಗಿನಲ್ಲಿ ಮೇಯುತ್ತಲೇ ಇದ್ದವು.

1982ರಲ್ಲಿ ಇಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸಿದರು. ಎಮ್ಮೆ ಮೇಯುವುದರಿಂದ ಹಕ್ಕಿಗಳಿಗೆ ತೊಂದರೆ ಎಂಬ ನಂಬಿಕೆ ಆಗ ಬಲವಾಗಿತ್ತು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು.

ಆಮೇಲೆ ಆಗಿದ್ದೇನು? ನೀರಿನಲ್ಲಿ ಹಬ್ಬುವ ಪ್ಯಾಸ್ಪಾಲಮ್ ಡಿಸ್ಟಿಕಮ್ ಅನ್ನೋ ಹುಲ್ಲನ್ನು ತಿನ್ನುವವರೇ ಇಲ್ಲವಾದರು. ಅದು ಚಾಪೆ ಹಾಸಿದಂತೆ ಬೆಳೆದು ತೆರೆದ ನೀರನ್ನೇ ಮುಚ್ಚಿತು. ಮೀನಿಗೂ ಕಷ್ಟ, ಈಜುವ ಬಾತುಗಳಿಗೂ ಕಷ್ಟ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ 1990ರವರೆಗೆ ನಡೆಸಿದ ಅಧ್ಯಯನ ಇದನ್ನೇ ಹೇಳಿತು. ಎಮ್ಮೆಗಳು ಈ ಜೌಗಿನ ಶತ್ರುಗಳಲ್ಲ, ಅದನ್ನು ಜೌಗಾಗಿ ಉಳಿಸಿದ್ದವುಗಳಲ್ಲಿ ಅವೂ ಒಂದು. ಅಷ್ಟರಲ್ಲಿ, 1985ರಲ್ಲಿ, ಉದ್ಯಾನಕ್ಕೆ ವಿಶ್ವ ಪರಂಪರೆಯ ಪಟ್ಟವೂ ಸಿಕ್ಕಾಗಿತ್ತು.

ಜೇಕಿನ ಗೆಡ್ಡೆ ಕಿತ್ತು ತಿನ್ನುತ್ತಿದ್ದ ಸೈಬೀರಿಯನ್ ಕೊಕ್ಕರೆಗಳು ಇಲ್ಲಿ ಕೊನೆಯ ಬಾರಿ ಕಂಡಿದ್ದು 2002ರಲ್ಲಿ. ಅದಕ್ಕೆ ಹುಲ್ಲೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅವುಗಳ ವಲಸೆ ದಾರಿಯುದ್ದಕ್ಕೂ ಬೇಟೆಗಾರರಿದ್ದರು.

ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲಿ ಒಂದು ಮಾತಿದೆ: ಯಾರೋ ಬರೆದ ಹಳೇ ಕೋಡ್ ಯಾಕಿದೆ ಅಂತ ತಿಳಿಯದೆ ಅದನ್ನು ಅಳಿಸಬೇಡ. ಆದರೆ ಕೋಡ್ ಅಳಿಸಿದರೆ ವಾಪಸ್ ತರಬಹುದು. ಗುಂಡೇಟಿಗೆ ಸತ್ತವರನ್ನು ತರಲಾದೀತೇ?

ಮುಂದೆ ಬಳ್ಳಾರಿ ಜಾಲಿ ಈ ಉದ್ಯಾನದೊಳಗೆಲ್ಲ ಹಬ್ಬಿಕೊಂಡಿತು. ಅದನ್ನು ಬೇರುಸಮೇತ ಕೀಳಲು ಅರಣ್ಯ ಇಲಾಖೆ ಕರೆದಿದ್ದು ಯಾರನ್ನು ಗೊತ್ತಾ? ಅದೇ ಸುತ್ತಲಿನ ಹಳ್ಳಿಯವರನ್ನು. 1982ರಲ್ಲೇ ಅವರನ್ನು ಕೂರಿಸಿಕೊಂಡು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ. ನೀವೇನಂತೀರಿ?